ಐದು ಮಡಿಕೆಯ ಮುಂಡು

ಘಾತಾಂಕ ಎಂಬ ಪದ ಕೇಳಿ ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಡಬದ ಕನ್ನಡ ಶಾಲೆಯಲ್ಲಿ ನಮ್ಮ ಲೆಕ್ಕದ ಮಾಷ್ಟ್ರು ನಮ್ಮದೇ ಬಟ್ಟೆ ಅಂಗಡಿಯಿಂದ ಮೈ ಒರೆಸುವ ಒಂದು ಬೈರಾಸು ತರಿಸಿ, ಮಡಚಿ ಮಡಚಿ ಅದನ್ನು ಕಲಿಸಿದ್ದರು. ಒಮ್ಮೆ ಮಡಚಿದರೆ ಎರಡು ಪದರ, ಮತ್ತೊಮ್ಮೆಗೆ ನಾಲ್ಕು, ಮೂರನೆಯದಕ್ಕೆ ಎಂಟು.

“ಹಿಂದಿನವರು ಗುಣಿಸುದಕ್ಕೆ ಹೊಡೆಯುದು ಅಂತಲೇ ಹೇಳ್ತಿದ್ರು. ಘಾತ ಅಂದ್ರೆ ಪೆಟ್ಟು. ಇಲ್ಲಿ ಎರಡಕ್ಕೆ ಎರಡರದ್ದೇ ಪೆಟ್ಟು. ಎಷ್ಟು ಎರಡು ಸೇರಿದವು ಅಂತ ತಲೆ ಮೇಲೆ ಸಣ್ಣದಾಗಿ ಬರೆದ ಅಂಕೆ ಉಂಟಲ್ಲ, ಅದು ಘಾತಾಂಕ.”

ಅದೇ ಮಾಷ್ಟ್ರು ಅಂಗಡಿಗೆ ಬಂದು, “ಇವನನ್ನು ಬಟ್ಟೆ ಅಳೆಯಲಿಕ್ಕೆ ನಿಲ್ಲಿಸ್ಬೇಡಿ, ಲೆಕ್ಕ ಓದ್ಲಿ” ಎಂದು ನನ್ನ ತಂದೆಯನ್ನು ಒಪ್ಪಿಸಿದರು. ನಾನು ಪುತ್ತೂರಿನಲ್ಲಿ ಪಿಯುಸಿ ಸಯನ್ಸಿಗೆ ಸೇರಿದೆ.

ಮೊದಲ ವಾರವೇ ಲೆಕ್ಚರರ್ ಕೇಳಿದರು, ಎಕ್ಸ್‌ಪೊನೆಂಟ್ ಅಂದರೆ ಎಂತ ಎಂದು. ನಾನು ಎದ್ದು ಘಾತಾಂಕ ಎಂದೆ.

“ಎಂತ ಮಾರಾಯ? ಘಾತಾಂಕವಾ? ಅದನ್ನು ನಿನ್ನ ಊರಲ್ಲೇ ಇಟ್ಟು ಬರ್ಬೇಕಿತ್ತು!”

ಕ್ಲಾಸಿಗೆ ಕ್ಲಾಸೇ ನಕ್ಕಿತು. ತನ್ನ ಇಂಗ್ಲಿಷ್ ಪದ ಎಲ್ಲಿಂದ ಬಂತೆಂದು ಆ ಮಹಾನುಭಾವನಿಗೆ ಗೊತ್ತಿತ್ತೇ? ಮೂಲ ಲ್ಯಾಟಿನ್ನಿನಲ್ಲಿ ಅದಕ್ಕೆ ಹೊರಗಿಟ್ಟು ತೋರಿಸುವುದು ಎಂದಷ್ಟೇ ಅರ್ಥ, ನಮ್ಮ ಅಂಗಡಿಯ ಬಾಗಿಲಲ್ಲಿ ನೈಟಿ ತೂಗುಹಾಕಿದ ಹಾಗೆ. ನಾನಿದನ್ನು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ನಗು ಕೇಳಿದ ಮರುವಾರವೇ ಕಾಮರ್ಸಿಗೆ ಬದಲಾದೆ. ಆಮೇಲೆ ಮಾಷ್ಟ್ರು ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದೆ. ಕೊನೆಗೆ ಬಟ್ಟೆ ಅಳೆಯಲಿಕ್ಕೇ ನಿಂತೆ.

ಕಳೆದ ತಿಂಗಳು ಆ ಲೆಕ್ಚರರ್ ನಮ್ಮ ಅಂಗಡಿಗೆ ಬಂದರು. ನಿವೃತ್ತರಾಗಿದ್ದರೂ ಗತ್ತಿಗೇನೂ ಕಡಿಮೆಯಿಲ್ಲ. ನನ್ನ ಗುರುತು ಹತ್ತಲಿಲ್ಲ. ಉಡಲಿಕ್ಕೆ ಒಂದು ಬಿಳಿ ಮುಂಡು ಆರಿಸಿ, ಕೈಚೀಲದಲ್ಲಿ ಹಿಡಿಯುವಷ್ಟು ಸಣ್ಣ ಮಾಡಿ ಕೊಡಿ ಎಂದರು. ಅದನ್ನು ಪೂರ್ತಿ ಬಿಚ್ಚಿ, ಐದು ಸಲ ಅರ್ಧರ್ಧಕ್ಕೆ ಮಡಚಿದೆ. ಯಾಕೋ ಬಾಯಿ ಸುಮ್ಮನಿರಲಿಲ್ಲ.

“ಐದು ಸಲ ಮಡಚಿದೆ ಸರ್. ಎಷ್ಟು ಪದರ ಆಯ್ತು?”

“ಹತ್ತು. ಎಂತ ಸಾಹುಕಾರ್ರೆ, ನನಗೇ ಲೆಕ್ಕವಾ? ಜೀವಮಾನ ಇಡೀ ಅದನ್ನೇ ಕಲಿಸಿದವ ನಾನು!”

ಹತ್ತಂತೆ! ಇಂಥವನ ನಗುವಿಗೆ ಹೆದರಿ ನಾನು ಲೆಕ್ಕ ಬಿಟ್ಟಿದ್ದೆ. ಮೂವತ್ತೆರಡು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು, ಕೇಳಿಸಿಕೊಳ್ಳುತ್ತಿದ್ದರು.

“ಹೌದು ಸರ್,” ಎಂದು ಮುಂಡನ್ನು ಕವರಿಗೆ ಹಾಕಿ ಕೊಟ್ಟೆ.

ಥೂ, ನನ್ನ ಜನ್ಮಕ್ಕಿಷ್ಟು.