ಪಟ್ಟಿಯಲ್ಲಿ ನಾನು ಬರೆದ ‘ಮಯತ’

ಬಾಳವ್ವಕ್ಕ, ಮತದಾರರ ಪಟ್ಟಿಯಲ್ಲಿ ನಿಮ್ಮನ್ನು ಸಾಯಿಸಿದವಳು ನಾನು. ಚುನಾವಣಾ ಆಯೋಗದವರಲ್ಲ, ಗಡಹಿಂಗ್ಲಜದ ತಾಲ್ಲೂಕು ಕಚೇರಿಯವರಲ್ಲ, ಕಂಪ್ಯೂಟರೂ ಅಲ್ಲ. ಮಹಾಗಾಂವದ ಶಾಲೆಯಲ್ಲಿ ನಿಮ್ಮ ಮಗಳಿಗೆ ಅಕ್ಷರ ಕಲಿಸಿದ ಶಿಕ್ಷಕಿ, ನೀವು ‘ಬಾಯಾರ’ ಎಂದು ಕರೆಯುವವಳು — ನಾನೇ.

ಆರು ವರ್ಷವಾಯಿತು. ನಮ್ಮ ಭಾಗದ ಪಟ್ಟಿಯನ್ನು ತಿದ್ದುವ ಕೆಲಸ ಆಗ ನನ್ನ ಪಾಲಿಗೆ ಬಂದಿತ್ತು. ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿ ಬರೆಯುವುದು. ನಿಮ್ಮ ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಪಾರವ್ವನನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಒಳಗಿನಿಂದಲೇ ಕೂಗಿದಳು: “ಬಾಳವ್ವ ಹ್ವಾದ್ಲರೀ ಬಾಯಾರ, ತಿಂಗಳಾತು!”

ಹ್ವಾದ್ಲು. ನಮ್ಮ ಮಾತಿನಲ್ಲಿ ಪರಊರಿಗೆ ಹೋದವರೂ ಹೋದವರೇ, ಸತ್ತವರೂ ಹೋದವರೇ. ಎಲ್ಲಿಗೆ ಎಂದು ಒಂದು ಮಾತು ಕೇಳಿದ್ದರೆ — ಕೇಳಲಿಲ್ಲ. “ಅಯ್ಯ ಪಾಪ” ಅಂದು, ನಿಮ್ಮ ಹೆಸರಿನ ಮುಂದೆ ‘ಮಯತ’ ಎಂದು ಬರೆದೆ. ಸತ್ತವರಿಗೆ ಗಡಿಯ ಈ ಕಡೆಯ ನಮ್ಮ ಸರಕಾರಿ ಕಾಗದಗಳಲ್ಲಿ ಬರೆಯುವ ಮರಾಠಿ ಶಬ್ದ ಅದು. ನೀವಾದರೋ ಇಚಲಕರಂಜಿಯಲ್ಲಿ ಮಗಳ ಬಾಣಂತನ ಮಾಡುತ್ತಿದ್ದಿರಿ.

ಇಷ್ಟೇ ಆಗಿದ್ದರೆ ಕಿವಿಯ ತಪ್ಪು ಎನ್ನಬಹುದಿತ್ತು. ಆದರೆ ಸತ್ತವರೆಂದು ಬರೆಯಬೇಕಾದರೆ ಮರಣದ ದಾಖಲೆ ನೋಡಬೇಕು, ಇಲ್ಲವೇ ನೆರೆಯವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು ಎಂದು ನಮಗೆ ಹೇಳಿದ್ದರು. ಪಾರವ್ವನ ಕೈ ಹಿಟ್ಟಾಗಿತ್ತು. ನನ್ನ ಬಸ್ಸಿನ ಹೊತ್ತಾಗಿತ್ತು. ಅವಳ ಹೆಬ್ಬೆಟ್ಟು ಬೇಕಾಗಿದ್ದ ಜಾಗದಲ್ಲಿ ನನ್ನ ಹೆಬ್ಬೆಟ್ಟನ್ನೇ ಒತ್ತಿದೆ. ಹೌದು, ಒತ್ತಿದೆ.

ಮತದಾನದ ದಿನ ನೀವು ಇಚಲಕರಂಜಿಯಿಂದ ಎರಡು ಬಸ್ಸು ಬದಲಿಸಿ ಬಂದಿರಿ. ಇಳಕಲ್ ಸೀರೆ ಉಟ್ಟಿದ್ದಿರಿ, ಗುರುತಿನ ಚೀಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದಿರಿ. ಶಾಲೆಯ ಗೇಟಿನಲ್ಲಿ ಪಟ್ಟಿ ಹಿಡಿದು ನಾನೇ ಕೂತಿದ್ದೆ. ಸತ್ತಿದ್ದಾರೆಂದು ನಾನು ಬರೆದಿದ್ದ ನೀವು ನನ್ನ ಎದುರಿಗೇ ಬಂದು ನಿಂತಿರಿ.

“ನನ್ನ ಹೆಸರ ಎಷ್ಟನೇ ನಂಬರಿಗೆ ಐತಿ ನೋಡ್ರಿ ಬಾಯಾರ.”

“ತೆಗದಾರ್ರಿ ಬಾಳವ್ವಕ್ಕ. ಆಯೋಗದವರು ಮ್ಯಾಲಿಂದನ ತೆಗೀತಾರ. ನಮ್ಮ ಕೈಯಾಗ ಏನೂ ಇಲ್ಲರಿ.”

ನೀವು ಜಗಳಾಡಲಿಲ್ಲ. “ನಾ ಏನ ಮಾಡೇನ್ರೀ ಅವರಿಗೆ?” ಎಂದಿರಿ. ನಾನು ಪಟ್ಟಿಯ ಪುಟ ತಿರುವುತ್ತ ಕೂತೆ.

ಮುಂದಿನ ವರ್ಷ, ಹೆಸರು ಮತ್ತೆ ಸೇರಿಸಲು ಅರ್ಜಿ ತುಂಬಿಕೊಂಡು ನಿಮ್ಮ ಮನೆಗೆ ಬಂದೆ. ತಪ್ಪನ್ನು ಸದ್ದಿಲ್ಲದೆ ಮುಚ್ಚಿಬಿಡಬಹುದು ಅಂದುಕೊಂಡಿದ್ದೆ. ನೀವು ಚಹಾ ಕೊಟ್ಟಿರಿ, ಅರ್ಜಿ ಮುಟ್ಟಲಿಲ್ಲ. “ಬಿಡ್ರಿ ಬಾಯಾರ. ಅವರಿಗೆ ಬ್ಯಾಡಾದಾಕಿ ನಾ.” ಆಗಲಾದರೂ ಹೇಳಬೇಕಿತ್ತು — ಅರ್ಜಿ ಮಡಚಿಕೊಂಡು ಎದ್ದು ಬಂದೆ. ಅಂದಿನಿಂದ ನೀವು ಮತ ಹಾಕಿಲ್ಲ.

ಆಯೋಗ ಯಾರ ಮಾತಿಗೂ ಬಗ್ಗದ ಸ್ವತಂತ್ರ ಸಂಸ್ಥೆ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆದರೆ ಆ ದಿನ ನಿಮ್ಮ ಓಣಿಯಲ್ಲಿ ಆಯೋಗ ಎಂದರೆ ನಾನೊಬ್ಬಳೇ. ಯಾವ ಪಕ್ಷದವರೂ ನನ್ನನ್ನು ಬಗ್ಗಿಸಲು ಬಂದಿರಲಿಲ್ಲ. ನಾನಾಗಿಯೇ ಬಗ್ಗಿದೆ, ಒಂದು ಬಸ್ಸಿಗೆ. ನಾಚಿಕೆಯಾಗುತ್ತದೆ.

ಇವತ್ತು ಗಡಹಿಂಗ್ಲಜದ ಕಚೇರಿಗೆ ಹೋಗಿ, ಆ ಹೆಬ್ಬೆಟ್ಟಿನ ಸಂಗತಿಯನ್ನೂ ಸೇರಿಸಿ ಎಲ್ಲ ಬರೆದು ಸಹಿ ಮಾಡಿ ಕೊಟ್ಟು ಬಂದಿದ್ದೇನೆ. ನೌಕರಿಗೆ ಏನಾಗುತ್ತದೋ ಆಗಲಿ. ನಾಳೆ ಮುಂಜಾನೆ ಈ ಕಾಗದವನ್ನು ನಿಮಗೆ ಓದಿ ಹೇಳಲು ಬರುತ್ತೇನೆ, ಹೊಸ ಅರ್ಜಿಯನ್ನೂ ತರುತ್ತೇನೆ. ಅದಕ್ಕೆ ಹೆಬ್ಬೆಟ್ಟು ಒತ್ತುವುದು ಬಿಡುವುದು ನಿಮಗೆ ಬಿಟ್ಟದ್ದು.

ಬಾಗಿಲಿಗೆ ಬೀಗವಿದ್ದರೆ ಪಾರವ್ವನನ್ನು ಕೇಳುವುದಿಲ್ಲ. ನೀವು ಬರುವತನಕ ಕಟ್ಟೆಯ ಮೇಲೆ ಕೂತಿರುತ್ತೇನೆ.