ಸಣ್ಣ ಬಳಚು

ಏಳನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಸುಸ್ಥಿರ ಅಭಿವೃದ್ಧಿಯ ಪಾಠ ಬಂತೆಂದರೆ ವೀಣಕ್ಕೋರಿಗೆ ಆಕಳಿಕೆ ಬರುತ್ತಿತ್ತು. ಅವರು ಕಲಿಸತೊಡಗಿ ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಪುಸ್ತಕ ಎಷ್ಟು ಸಲ ಬದಲಾದರೂ 'ಮುಂದಿನ ಪೀಳಿಗೆಗೂ ಉಳಿಸಿ ಬಳಸಬೇಕು' ಎಂಬ ಮಾತು ಮಾತ್ರ ಕದಲಿಲ್ಲ. ಮಕ್ಕಳು ಅದನ್ನು ರಾಗವಾಗಿ ಒಪ್ಪಿಸುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಪುಸ್ತಕದ ಬದನೆಕಾಯಿ ಯಾರ ಮನೆಯ ಸಾರಿಗೆ ಬಿದ್ದದ್ದುಂಟು? ತಮ್ಮೂರು ಬಾಡದಿಂದ ಎರಡು ಬಸ್ಸು ಹತ್ತಿಳಿದು, ಬಿಸಿಯೂಟ ಬಡಿಸಿ, ಮೇಲಿನವರು ಕೇಳಿದ ಫಾರಂ ತುಂಬಿಸುವಷ್ಟರಲ್ಲಿ ಅಕ್ಕೋರಲ್ಲೂ ಉಸಿರು ಉಳಿದಿರುತ್ತಿರಲಿಲ್ಲ.

ಈ ವರ್ಷ ಯಾಕೋ ಪುಸ್ತಕ ಮಡಚಿಟ್ಟು ತಮ್ಮ ತಾಯಿಯ ಕತೆ ಹೇಳಿದರು. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿಯೇ ಮಗಳನ್ನು ಓದಿಸಿದವಳು ಆಕೆ. ನೀರಿಳಿದ ಹೊತ್ತು ಬುಟ್ಟಿ ತುಂಬಿದ ಮೇಲೆ, ಉಗುರಿಗಿಂತ ಸಣ್ಣ ಚಿಪ್ಪನ್ನೆಲ್ಲ ತಿರುಗಿ ಕೆಸರಿಗೇ ಚೆಲ್ಲಿ ಬರುತ್ತಿದ್ದಳು. "ಬೀಜನೇ ತಿಂದ್ರೆ ಬಿತ್ತೂದೆಂತ?" ಎನ್ನುತ್ತಿದ್ದಳು. ಅಂದು ತರಗತಿಯಲ್ಲಿ ಯಾರೂ ಆಕಳಿಸಲಿಲ್ಲ.

ಮೂರನೇ ದಿನ ಅದೇ ತರಗತಿಯ ಪ್ರಿಯಾಳ ತಾಯಿ ನಾಗು ಒದ್ದೆ ಸೀರೆಯಲ್ಲೇ ಶಾಲೆಯ ಜಗಲಿಗೆ ಬಂದಳು. ಬೆನ್ನ ಹಿಂದೆ ತಲೆ ತಗ್ಗಿಸಿದ ಪ್ರಿಯಾ.

"ಎಂತ ಕಲಿಸಿದ್ರಿ ಅಕ್ಕೋರೆ ಇದಕ್ಕೆ? ಬೆಳಗಿಂದ ಸೊಂಟ ಮುರ್ಕಂಡು ಬಳಚು ಹೆಕ್ಕಿದ್ದೆ. ಸಣ್ಣದು ಅಂತ ಅರ್ಧ ಬುಟ್ಟಿ ಹೊಳಿಗೆ ಚೆಲ್ಲಿತು!"

ಅಕ್ಕೋರ ಎದೆ ಉಬ್ಬಿತು. ಅಂತೂ ಒಂದು ಮಗು ಪಾಠವನ್ನು ಮಾಡಿ ತೋರಿಸಿತಲ್ಲ! ಆ ಖುಷಿ ನಾಗುವಿನ ಕೈ ನೋಡುವ ತನಕ ಮಾತ್ರ. ಚಿಪ್ಪು ಕೊಯ್ದು ಬೆರಳ ತುದಿಗಳೆಲ್ಲ ಬಿರಿದಿದ್ದವು.

"ಸಣ್ಣದು ಬಿಡ್ಬೇಕು ಅಂತ ನಂಗೂ ಗೊತ್ತುಂಟು. ನಮ್ಮಮ್ಮನೂ ಬಿಡ್ತಿತ್ತು. ಆಗ ಎಲ್ಲರೂ ಬಿಡ್ತಿದ್ರು. ಈಗ ನಾ ಬಿಟ್ಟದ್ದನ್ನ ದೋಣಿ ತಕಂಡು ಬಂದವ್ರು ಸಂಜೆಯೊಳಗೆ ಗೋರ್ಕಂಡು ಹೋತ್ರು. ಬಳಚೂ ಉಳಿಯುದಿಲ್ಲ, ನಮ್ಗೆ ಊಟವೂ ಇಲ್ಲ. ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಶಾಲೆ ಬಿಡಿಸಿ ನನ್ನ ಜೊತಿಗೇ ಹೊಳಿಗೆ ಇಳಿಸ್ತೆ. ನೀವೇ ಹೇಳಿ ಇದಕ್ಕೆ."

ಅಕ್ಕೋರು ಪ್ರಿಯಾಳತ್ತ ನೋಡಿದರು. ಜಾಣ ಹುಡುಗಿ, ಶಾಲೆ ತಪ್ಪಿದರೆ ಅವಳ ಬೆರಳೂ ಹೀಗೇ ಬಿರಿಯುತ್ತದೆ.

"ಆತು ನಾಗು, ಹೇಳ್ತೆ," ಎಂದರು ಅಕ್ಕೋರು. ನಾಗು ಗೊಣಗುತ್ತ ಹೋದಳು.

"ಇನ್ಮೇಲೆ ಚೆಲ್ಬೇಡ ಮಗಾ. ಅಮ್ಮ ಹೇಳಿದಂಗೆ ಕೇಳು." ಸತ್ತ ತಮ್ಮ ತಾಯಿಗೇ ಎದುರು ಮಾತಾಡಿದಂತಾಯಿತು ಅಕ್ಕೋರಿಗೆ.

ಪ್ರಿಯಾ ತಲೆ ಎತ್ತಿದಳು. "ಎಲ್ಲರೂ ಸಣ್ಣದನ್ನೂ ತಂದ್ರೆ, ಬರೋ ವರ್ಷ ಹೊಳೇಲಿ ಎಂತ ಇರ್ತದೆ ಅಕ್ಕೋರೆ?"

ಇಷ್ಟು ವರ್ಷದಲ್ಲಿ ಈ ಪಾಠದ ಮೇಲೆ ಒಂದು ಮಗುವೂ ಪ್ರಶ್ನೆ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ಅಕ್ಕೋರು ಒಂದು ಕಾಲದಲ್ಲಿ ಆಸೆಯಿಂದ ಕಾದಿದ್ದರು. ಈಗ ಕೇಳಿದವಳ ಕಣ್ಣು ತಪ್ಪಿಸಿ, "ಒಳಗೆ ಹೋಗಿ ಕೂತ್ಕೋ, ಗಂಟೆ ಆತು," ಎಂದರು.

ಗಂಟೆ ಆಗಿರಲಿಲ್ಲ.