ಸದ್ದಿಲ್ಲದ ಬಾಗಿಲು

ಅಪ್ಪ ಮಂಡ್ಯದ ಹತ್ತಿರದ ವಿ.ಸಿ. ಫಾರಂಗೆ, ಸರ್ಕಾರದ ಕೃಷಿ ಸಂಶೋಧನಾ ಕೇಂದ್ರಕ್ಕೆ, ಕೂಲಿಗೆ ಹೋಗುತ್ತಿದ್ದ. ಅಲ್ಲಿಗೆ ಆಗಾಗ ದೊಡ್ಡವರು ಯಾರಾದರೂ ಕಾರಿನಲ್ಲಿ ಬರುವುದಿತ್ತು. ಅವರು ಗದ್ದೆಯಲ್ಲಿ ಏನು ನೋಡಿದರು, ಏನು ಹೇಳಿ ಹೋದರು ಎಂಬುದೆಲ್ಲ ಅಪ್ಪನಿಗೆ ಬೇಕಿರಲಿಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ ಕಾರಿನ ಬಾಗಿಲ ಸುದ್ದಿ ಮಾತ್ರ ಹೇಳುತ್ತಿದ್ದ.

“ಬಾಗ್ಲು ಆಕುದ್ರೆ ಸದ್ದೇ ಬರಾಕಿಲ್ಲ ಕಣ್ಲಾ ಮಗ. ಅದು ಕಾರು. ಮಿಕ್ಕಿದ್ದೆಲ್ಲ ಡಬ್ಬ.”

ನಾನು ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನಾದೆ. ಅಪ್ಪ ಹೋದ ಮೇಲೆ ಬೆಂಗಳೂರಿನ ವೈದ್ಯರೊಬ್ಬರಿಂದ ಹದಿನಾಲ್ಕು ವರ್ಷ ಹಳೆಯದೊಂದು ಜರ್ಮನ್ ಕಾರು ಕೊಂಡೆ. ಹೊಸ ಸಣ್ಣ ಕಾರಿಗಿಂತ ಕಡಿಮೆಗೇ ಸಿಕ್ಕಿತು. ಕೊಳ್ಳುವ ಮೊದಲು ಎಂಜಿನ್ನನ್ನು ಮೆಕ್ಯಾನಿಕ್ ನೋಡಿದ. ನಾನು ಬಾಗಿಲು ಮುಚ್ಚಿ ನೋಡಿದೆ, ಅಷ್ಟೆ.

ಕಾರಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಕೊಬ್ಬು. ಚರ್ಮದ ಸೀಟಿನ ಮೇಲೆ ಹೊಳೆಯುವ ಕವರು ಹೊದಿಸುವವರನ್ನು, ಸೈಲೆನ್ಸರು ಬದಲಾಯಿಸಿ ಊರೆಲ್ಲ ಗುಡುಗಿಸುವವರನ್ನು, ಹಳೆಯ ಗಾಡಿಗೆ ಹೊಸ ಮಾಡೆಲ್ಲಿನ ದೀಪ ಕೂರಿಸಿ ಮೀಸೆ ತಿರುವುವವರನ್ನು ಕಂಡರೆ ನನಗಾಗುವುದಿಲ್ಲ. ಹಳೆಯ ಕಾರಿಗೆ ಗತ್ತು ಬರುವುದು ಅದು ತನ್ನ ವಯಸ್ಸು ಮುಚ್ಚಿಕೊಳ್ಳದೆ ಇದ್ದಾಗ. ನನ್ನದು ಶಾಯಿ ನೀಲಿ ಬಣ್ಣದ್ದು. ಕಂಪನಿ ಕೊಟ್ಟ ಚಕ್ರ, ಕಂಪನಿ ಕೊಟ್ಟ ರೇಡಿಯೊ. ಸೀಟಿನ ಸುಕ್ಕುಗಳನ್ನು ಭಾನುವಾರ ಬಟ್ಟೆಯಲ್ಲಿ ಒರೆಸುತ್ತೇನೆ. ಇರುವ ಸುಕ್ಕು ಇರಲಿ. ನಾನು ಅಂಟಿಸಿದ್ದು ಒಂದೇ ಒಂದು, ಹಿಂದಿನ ಗಾಜಿನ ಮೂಲೆಗೆ ಸಣ್ಣ ನೀಲಿ ಅಶೋಕ ಚಕ್ರ. ಊರ ಹೊರಗಿನ ನಮ್ಮ ಕೇರಿಯ ಎಲ್ಲ ಮನೆಯ ಬಾಗಿಲ ಮೇಲೂ ಅದಿದೆ.

ನಮ್ಮೂರು ಕೆರಗೋಡಿನ ಕಡೆಯದು. ಮೊದಲ ಸಲ ಕಾರು ತೆಗೆದುಕೊಂಡು ಹೋದಾಗ ಅರಳಿಕಟ್ಟೆಯಲ್ಲಿ ಕೂತಿದ್ದವರು ಗಾಜು ಇಳಿದಿದೆ ಎಂದು ಗೊತ್ತಿದ್ದೇ ನಗುತ್ತಾ ಹೇಳಿದರು: “ಅಲ್ಪಂಗೆ ಐಸ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಇಡ್ಕಂಡ್ನಂತೆ.” ಕಾರಿನ ಗತ್ತು ಅವರ ಕಣ್ಣಿಗೂ ಬಿದ್ದಿತ್ತು. ಅದರೊಳಗೆ ಕೂತವನು ಯಾವ ಬೀದಿಯವನು ಎಂಬುದು ಅದಕ್ಕಿಂತ ಮೊದಲು ಬಿದ್ದಿತ್ತು.

ಆ ಕಟ್ಟೆಯಲ್ಲಿದ್ದೂ ನಗದವನು ನನ್ನ ಗೆಳೆಯನೊಬ್ಬನೇ. ಊರೊಳಗಿನ ಒಕ್ಕಲು ಮನೆಯವನು, ಕಬ್ಬು ಬೆಳೆಯುವವನು. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನ ಮಗಳು ಪಿಯುಸಿ ಓದಿದ್ದು ನಮ್ಮ ಕಾಲೇಜಿನಲ್ಲೇ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ, ಬಾಯಿಬಿಟ್ಟು ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಅವಳ ಮದುವೆ ಗೊತ್ತಾದಾಗ ಅವನೇ ಮನೆಗೆ ಬಂದ.

“ಲೇ, ಮದ್ವೆಗೆ ನಿನ್ ಕಾರು ಬೇಕು ಕಣ್ಲಾ. ಒಸ ಕಾರು ಎಲ್ರೂ ತತ್ತಾರೆ. ಇದ್ರ ಗತ್ತು ಅವುಕ್ಕೆ ಬರಾಕಿಲ್ಲ. ಕೀ ಕೊಡು ಸಾಕು, ನಮ್ಮುಡುಗ್ರು ಓಡುಸ್ತಾರೆ.”

“ಕೀ ಯಾರ್ಗೂ ಕೊಡಾಕಿಲ್ಲ. ನಾನೇ ಓಡುಸ್ತೀನಿ ಬುಡು,” ಎಂದೆ.

ಅವನು ಒಂದು ಗಳಿಗೆ ಯೋಚಿಸಿ, ಆಗಲಿ ಎಂದ. ನನಗೆ ಹಿಗ್ಗೋ ಹಿಗ್ಗು. ಹೇಳಿಬಿಡುತ್ತೇನೆ, ನನಗೆ ಬೇಕಾಗಿದ್ದದ್ದು ಒಂದೇ: ಛತ್ರದಲ್ಲಿ ಬೀಗರ ಮುಂದೆ ಅವನು ನನ್ನ ಹೆಗಲ ಮೇಲೆ ಕೈಹಾಕಿ, ಇವನು ನನ್ನ ಗೆಳೆಯ, ನನ್ನ ಮಗಳಿಗೆ ಪಾಠ ಹೇಳಿದ ಮೇಷ್ಟ್ರು ಎನ್ನಬೇಕು. ಊರೊಳಗಿನ ಒಬ್ಬನ ಬಾಯಿಂದ, ನಾಲ್ಕು ಜನರ ಮುಂದೆ ಆ ಮಾತು ಬರಬೇಕು.

ಹೊಸ ಷರ್ಟು ಇಸ್ತ್ರಿ ಮಾಡಿಕೊಡುತ್ತಾ ಹೆಂಡತಿ ಅಂದಳು, “ಅವ್ರು ಕರ್ದಿರೋದು ಕಾರ್ನ ಕಣ್ರೀ, ನಿಮ್ಮನ್ನಲ್ಲ.”

ನಾನು ರೇಗಿದೆ.

ಮದುವೆಯ ದಿನ ಹೂವಿನವನು ಬಂದು ಬಾನೆಟ್ಟಿನ ಮೇಲೆ ಮಲ್ಲಿಗೆ ಎಳೆದ. ಹಿಂದಿನ ಗಾಜಿಗೆ ಹೋದವನು ಸರಿಯಾಗಿ ನೀಲಿ ಚಕ್ರದ ಮೇಲೆಯೇ ಒಂದು ಗುಲಾಬಿ ಗೊಂಚಲು ಕೂರಿಸಿದ. ಯಾರು ಹೇಳಿಕೊಟ್ಟರೋ ಕೇಳಲಿಲ್ಲ. ಹೆಣ್ಣನ್ನು ಕೂರಿಸಿಕೊಂಡು ಮಂಡ್ಯದ ಛತ್ರಕ್ಕೆ ಬಂದಾಗ ಹೆಂಗಸರು ಆರತಿ ಎತ್ತಿದರು, ಬಾನೆಟ್ಟಿಗೂ ಕುಂಕುಮ ಇಟ್ಟರು. ನನ್ನ ಕಡೆ ನೋಡಿದವರಿಲ್ಲ.

ಗಂಡಿನ ತಂದೆ ಕಾರನ್ನು ಒಂದು ಸುತ್ತು ಬಂದ. ಬಾಗಿಲು ತೆಗೆದು ಮುಚ್ಚಿ ನೋಡಿದ. ನನಗೆ ಅಪ್ಪನ ನೆನಪಾಯಿತು. ಕಾರು ಬಲ್ಲ ಮನುಷ್ಯ ಎಂದುಕೊಂಡೆ.

“ಬಾಳ ಗತ್ತಾಗದೆ. ಯಾರುದು ಬೀಗ್ರೆ?”

“ನಮ್ದೆ ಅನ್ಕೊಳಿ,” ಎಂದ ನನ್ನ ಗೆಳೆಯ.

“ಇವ್ರು?”

ಗೆಳೆಯ ನನ್ನ ಮುಖ ನೋಡಿದ. ನೋಡಲಿಲ್ಲ ಎನ್ನುವ ಹಾಗಿಲ್ಲ. “ಕಾರು ಓಡುಸ್ತಾನೆ. ನಮ್ಮೂರೋನೆಯಾ.” ಆಮೇಲೆ ನನಗೆ, ಒಳ್ಳೆಯ ದನಿಯಲ್ಲೇ, “ಡ್ರೈವರ್‌ಗಳ ಊಟ ಇಂದುಗಡೆ ಆಕವ್ರೆ, ಓಗು ಉಂಡ್ಬುಡು,” ಎಂದ.

ನಾನೇ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಆ ಮಾತು ಹೇಳಬೇಕಾದವನು ನಾನಲ್ಲ. ನಾನು ಹೇಳಿಕೊಂಡರೆ ಅದಕ್ಕೆ ಬೆಲೆ ಎಲ್ಲಿ? ಊಟಕ್ಕೆ ಹೋಗಲಿಲ್ಲ. ಕಾರಿನಲ್ಲೇ ಕೂತೆ. ಕೀ ತೆಗೆದುಕೊಂಡು ಎದ್ದು ಹೋಗಬೇಕು ಅನಿಸಿದ್ದು ಸುಳ್ಳಲ್ಲ. ಹೆಣ್ಣನ್ನು ನಡುನೀರಿನಲ್ಲಿ ಕೈಬಿಟ್ಟಂತಾಗುತ್ತದೆ ಎಂದು ಉಳಿದೆ. ಎಷ್ಟಾದರೂ ನನ್ನ ವಿದ್ಯಾರ್ಥಿನಿ.

ಗಂಡಿನ ಊರು ಮಳವಳ್ಳಿಯಿಂದಾಚೆ. ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಗಂಡುಹೆಣ್ಣು, ನನ್ನ ಪಕ್ಕದಲ್ಲಿ ಗಂಡಿನ ತಂದೆ. ಆತ ಕೂತ ಕೂಡಲೇ ನಿದ್ದೆ ಹೋದ. ಮಂಡ್ಯ ದಾಟುವಾಗ ಅವಳು ಮೆಲ್ಲಗೆ ಕೇಳಿದಳು, “ಸಾರ್, ನೀರಿದ್ಯಾ?”

ಬಾಟಲಿ ಹಿಂದಕ್ಕೆ ಕೊಟ್ಟೆ. ಆ ಒಂದು ‘ಸಾರ್’ಗೆ ನನ್ನ ಅರ್ಧ ಸಿಟ್ಟು ಇಳಿದುಹೋಯಿತು. ಅವಳಪ್ಪ ಹೇಳದಿದ್ದರೆ ಏನಂತೆ, ಮಗಳು ಹೇಳುತ್ತಾಳೆ ಎಂದು ಕಾದೆ.

ಗಂಡು ನಕ್ಕ. “ಡ್ರೈವರ್‌ಗೆ ಸಾರ್ ಅಂತೀಯಲ್ಲ?”

ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಬಾಯಿ ತೆರೆದಳು. ನನ್ನ ತರಗತಿಯಲ್ಲಿ ಯಾವತ್ತೂ ಹಿಂಜರಿಯದಿದ್ದ ಹುಡುಗಿ. ಬಾಟಲಿಯ ಮುಚ್ಚಳ ತಿರುಗಿಸಿ, ಕಿಟಕಿಯ ಕಡೆಗೆ ತಿರುಗಿಕೊಂಡಳು.

ಮದ್ದೂರು ಕಳೆದು ಮಳವಳ್ಳಿ ರಸ್ತೆಗೆ ತಿರುಗಿದ ಮೇಲೆ ಇನ್ನೊಮ್ಮೆ ಅವಳ ದನಿ ಬಂತು.

“ಡ್ರೈವರ್, ಎಸಿ ಸ್ವಲ್ಪ ಕಮ್ಮಿ ಮಾಡಿ.”

‘ಮಾಡಿ’ ಎಂದಳು. ಅಷ್ಟು ಗೌರವ ಉಳಿಸಿದ್ದಳು. ನಾನು ಕಮ್ಮಿ ಮಾಡಿದೆ. ಅವಳಪ್ಪ ಆಡಿದ್ದನ್ನು ನಾನು ತಡೆದುಕೊಂಡಿದ್ದೆ. ಇದನ್ನು ತಡೆಯಲು ಆಗಲಿಲ್ಲ. ರಸ್ತೆ ಮಂಜಾಯಿತು. ಒರೆಸಿಕೊಂಡರೆ ಕನ್ನಡಿಯಲ್ಲಿ ಕಾಣುತ್ತದೆ ಎಂದು ಹಾಗೇ ಓಡಿಸಿದೆ.

ಗಂಡಿನ ಮನೆ ಮುಂದೆ ವಾಲಗ ಕಾದಿತ್ತು. ಅವಳು ಸೆರಗು ಸರಿಮಾಡಿಕೊಂಡು ಇಳಿದಳು. ಹೊಸಿಲಿನ ಹತ್ತಿರ ಹೋಗುವವರೆಗೂ ನೋಡಿದೆ, ತಿರುಗಲಿಲ್ಲ. ಗಂಡು ಎರಡು ಬೆರಳಿನಲ್ಲಿ ಬಾಗಿಲು ತಳ್ಳಿದ. ಅದು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಅಪ್ಪ ಅಂಥ ಬಾಗಿಲನ್ನು ಯಾವತ್ತೂ ಹೊರಗೆ ನಿಂತೇ ಕೇಳಿಸಿಕೊಂಡವನು. ನಾನು ಒಳಗೆ ಕೂತಿದ್ದೆ. ಒಳಗೂ ಸದ್ದು ಬರಲಿಲ್ಲ.